ಹೆಂಡತಿಯ ಏಡಿ

ನನಗೆ ನನ್ನ ಹೆಂಡತಿಯ ಏಡಿಯ ಮೇಲೆ ಹೊಟ್ಟೆಕಿಚ್ಚು. ಹೀಗೆಂದ ಕೂಡಲೇ ನೀವು ಊಟದ ವಿಷಯ ಅಂದುಕೊಳ್ಳುತ್ತೀರಿ. ಶೈಲಾ ಮೊಟ್ಟೆಯನ್ನೂ ಮುಟ್ಟದ ಮನೆತನದವಳು. ಅವಳ ಏಡಿ ಹಳದಿ ಬಟ್ಟೆಯ ಮೇಲೆ ಕಪ್ಪಗೆ ಕೂತಿದೆ, ಅದಕ್ಕೆ ಸರಿಯಾದ ನೋಂದಣಿ ಇದೆ, ನಮ್ಮ ಬಳಗದಲ್ಲಿ ಇನ್ಯಾರೂ ಅದನ್ನು ತಮ್ಮದೆನ್ನುವಂತಿಲ್ಲ. ನನ್ನದೆಂದು ಹೇಳಿಕೊಳ್ಳಲು ನನಗೆ ಒಂದು ಇರುವೆಯೂ ಇಲ್ಲ.

ಕುವೈತಿನಲ್ಲಿ ಪೈಪುಗಳ ತುಕ್ಕು ಪರೀಕ್ಷಿಸುತ್ತ ಕೂದಲು ಉದುರಿಸಿಕೊಂಡ ಧಾರವಾಡದ ಎಂಜಿನಿಯರನಿಗೆ ಇದೆಂಥ ಹುಚ್ಚು ಎಂದು ಕೇಳಬೇಡಿ, ನಮ್ಮ ಅತ್ತೆ ಆಗಲೇ ಕೇಳಿದ್ದಾರೆ. ಇಲ್ಲೊಂದು ಗುಂಪಿದೆ. ನಾನಾ ದೇಶದವರು ಶುಕ್ರವಾರ ಸೇರಿ, ಮಧ್ಯಯುಗದವರಂತೆ ಬಟ್ಟೆ ತೊಟ್ಟು, ಬೆತ್ತದ ಕತ್ತಿ ಬೀಸುತ್ತೇವೆ. ಪ್ರತಿಯೊಬ್ಬರೂ ಆ ಕಾಲದ ಒಂದು ಹೆಸರನ್ನೂ ಗುರಾಣಿಗೆ ಒಂದು ಲಾಂಛನವನ್ನೂ ಆರಿಸಿ ಹೊರದೇಶದಲ್ಲಿರುವ ಪರಿಶೀಲಕರಿಗೆ ಕಳಿಸಬೇಕು. ಹೆಸರು ಹಳೆಯ ದಾಖಲೆಯಲ್ಲಿ ಇದ್ದದ್ದೆಂದು ತೋರಿಸಬೇಕು. ಲಾಂಛನ ಈಗಾಗಲೇ ನೋಂದಾಯಿಸಿದ ಯಾರದ್ದನ್ನೂ ಹೋಲಬಾರದು. ಒಪ್ಪಿದರೆ ಎರಡೂ ನಿಮ್ಮವು.

ಆಫೀಸಿನಲ್ಲಿ ನಾನು ಕೊರಳಿಗೆ ತೂಗುವ ಕಾರ್ಡಿನ ಮೇಲಿನ ಒಂದು ನಂಬರು. ಸೈಟಿನಲ್ಲಿ ಬರೀ 'ಮುಹಂದಿಸ್', ಅಂದರೆ ಎಂಜಿನಿಯರ್. ಆದರೆ ಚಳಿಗಾಲದಲ್ಲಿ ಮರಳುಗಾಡಿನಲ್ಲಿ ನಮ್ಮ ಗುಂಪು ಗುಡಾರ ಹಾಕುವಾಗ, ಒಬ್ಬೊಬ್ಬರು ಒಳಗೆ ಬರುವಾಗಲೂ ಅವರ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ, ಅವರ ಬಾವುಟ ಅವರ ಮುಂದೆ ನಡೆಯುತ್ತದೆ. ಆ ಒಂದು ಕೂಗು ನನಗೆ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ತುಂಬಾ ಬೇಕಿತ್ತು.

ಫಿಂಟಾಸಿನ ಫ್ಲ್ಯಾಟಿನಲ್ಲಿ ಬೇಸಿಗೆಯಿಡೀ ಎಸಿಯ ಕೆಳಗೆ ಕೂತು ಶಾಸನ ಸಂಪುಟಗಳನ್ನು ಜಾಲಾಡಿದೆ. ಗುಂಪಿನ ಯುರೋಪಿನವರು ತಮ್ಮೂರ ಚರ್ಚಿನ ದಾಖಲೆಗಳಲ್ಲಿ ತಡಕಾಡುತ್ತಿದ್ದರೆ ನನಗೆ ಒಳಗೊಳಗೇ ಜಂಬ. ನಮ್ಮಲ್ಲಿ ತುರು ಕಾಯಲು ಹೋಗಿ ಸತ್ತವನಿಗೂ ಕಲ್ಲಿದೆ, ಕಲ್ಲಿನ ಮೇಲೆ ಹೆಸರಿದೆ. ಅಲ್ಲಿನ ಸೈನಿಕರು ಮುಖಕ್ಕೆಲ್ಲ ಕಬ್ಬಿಣ ಮುಚ್ಚಿಕೊಂಡ ಮೇಲೆ ತಮ್ಮವರು ಯಾರೆಂದು ಗುರಾಣಿ ನೋಡಿ ತಿಳಿಯಬೇಕಿತ್ತಂತೆ. ನಮ್ಮವರು ಮೀಸೆ ಮುಚ್ಚಿಕೊಳ್ಳುವ ಜಾಯಮಾನದವರೇ ಅಲ್ಲ.

ಓದುತ್ತ ಓದುತ್ತ ಬಿರುದುಗಳ ರುಚಿ ಹತ್ತಿತು. ಕಡೆಗೆ ನಾನು ಕಳಿಸಿದ ಹೆಸರು: ಗಂಡರ ಗಂಡ ರಣರಂಗಭೈರವ ಅರಿರಾಯವಿಭಾಡ ಮಾರಯ್ಯ. ಗುರಾಣಿಯ ನೀಲಿ ನೆಲದ ಮೇಲೆ ಕೆಂಪು ಆನೆ, ಮೇಲೆ ಸೂರ್ಯಚಂದ್ರರು, ಕೆಳಗೆ ಹಸು ಮತ್ತು ಕರು. ಒಂದು ಮೂಲೆ ಬೋಳಾಗಿ ಕಂಡಿದ್ದರಿಂದ ಅಲ್ಲಿಗೊಂದು ಕತ್ತಿ.

ಶೈಲಾ ಚಹಾ ಇಡಲು ಬಂದವಳು ನನ್ನ ಹೆಗಲ ಮೇಲಿಂದ ಇಣುಕಿದಳು. ನಾನು ಕಣ್ಣೆತ್ತಿಯೂ ನೋಡದೆ ದಾಟಿದ್ದ ಒಂದು ಸಾಲಿನಲ್ಲಿ, ಗುಡಿಯ ದೀಪದೆಣ್ಣೆಗೆ ದತ್ತಿ ಬಿಟ್ಟ ಹೆಂಗಸೊಬ್ಬಳಿದ್ದಳು. ಹೆಸರು ಕಾಳಬ್ಬೆ. ಚಲೋ ಅದ, ನನಗ ಇದಽ ಇರಲಿ ಅಂದಳು. ಲಾಂಛನಕ್ಕೆ ಅವಳು ತಲೆ ಕೆಡಿಸಿಕೊಂಡದ್ದು ಫಿಂಟಾಸಿನ ಕಡಲ ದಂಡೆಯಲ್ಲಿ ಸಂಜೆ ಒಂದು ಸುತ್ತು ಹಾಕುವಷ್ಟು ಹೊತ್ತು. ಏಡಿ ಕಂಡಿತು, ಏಡಿ ಬರೆದಳು. ಅವಳ ಅರ್ಜಿ ತುಂಬಿದವನು ನಾನು, ಆಧಾರಕ್ಕೆಂದು ಶಾಸನದ ಪುಟ ಲಗತ್ತಿಸಿದವನೂ ನಾನೇ.

ನಮ್ಮ ಅರ್ಜಿಗಳನ್ನು ನೋಡಿಕೊಳ್ಳುವವರು ಇಬ್ರಾಹಿಂ, ಮಂಗಳೂರು ಕಡೆಯ ಬ್ಯಾರಿ, ಕುವೈತ್ ಸಿಟಿಯ ಆಫೀಸೊಂದರಲ್ಲಿ ಅಕೌಂಟೆಂಟ್. ಕ್ಯಾಂಪು ಹತ್ತಿರ ಬಂದಾಗ ಫಹಾಹೀಲಿನ ಚಹಾದಂಗಡಿಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಫಲಿತಾಂಶ ಓದಿದರು. ಕಾಳಬ್ಬೆ ಪಾಸು. ಏಡಿಯಂತೂ ಪರಿಶೀಲಕರಿಗೆ ಬಹಳ ಹಿಡಿಸಿತಂತೆ, ಎಷ್ಟು ದೂರದಿಂದ ನೋಡಿದರೂ ಅದು ಏಡಿಯೇ. ನನ್ನದು ವಾಪಸು. ಕೆಂಪು, ನೀಲಿ ಎರಡೂ ಗಾಢ ಬಣ್ಣ, ಒಂದರ ಮೇಲೊಂದು ಕಾಣುವುದಿಲ್ಲ. ಗುರಾಣಿಯ ತುಂಬ ಸಾಮಾನು. ಇಷ್ಟನ್ನೂ ನುಂಗಿಕೊಂಡು, ಹೆಸರಿಗೇನಾಯಿತೆಂದು ಕೇಳಿದೆ.

"ಬಿರುದು ನಾವೇ ಹಾಕಿಕೊಳ್ಳಲಿಕ್ಕೆ ಆಗುದಿಲ್ಲ ಮಾರಾಯ್ರೆ," ಎಂದರು ಇಬ್ರಾಹಿಂ. "ಅದು ಬೇರೆಯವರು ಕೊಡ್ಬೇಕು."

ಶೈಲಾ ನಗಲಿಲ್ಲ. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಸಹೋದ್ಯೋಗಿಯ ಬಡ್ತಿಗೆ ಹೊಟ್ಟೆ ಉರಿದರೆ ಅದಕ್ಕೊಂದು ಮರ್ಯಾದೆ ಇದೆ, ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿಕೊಳ್ಳಬಹುದು. ಹೆಂಡತಿಯ ಮೇಲೇ ಹೊಟ್ಟೆ ಉರಿದರೆ ಯಾರ ಹತ್ತಿರ ಹೋಗುವುದು? ಅವಳು ಬಾವುಟ ಹೊಲಿಯುವ ಮಿಷನ್ನಿನ ಸದ್ದು ನನ್ನನ್ನೇ ಆಡಿಕೊಳ್ಳುವಂತೆ ಕೇಳುತ್ತಿತ್ತು. ಮಗಳು ಏಡಿ ನೋಡಿ 'ಅಮ್ಮಾ, ಸೋ ಕೂಲ್' ಎಂದಳು. ನನ್ನ ಆನೆಯನ್ನು ನೋಡಿ, ಬೆನ್ನು ತಟ್ಟಿ, 'ಪಪ್ಪಾ, ಯು ಟ್ರೈಡ್' ಎಂದಳು.

ನೋಂದಣಿ ಇಲ್ಲದವರಿಗೂ ನಿಯಮದಲ್ಲಿ ಒಂದು ದಾರಿಯಿದೆ. ನೋಂದಣಿ ಇದ್ದವರ ಮನೆಯವರೆಂದು ಅವರ ಬಾವುಟದಡಿ ಒಳಗೆ ಬರಬಹುದು. ಅಂದರೆ, ಹೊತ್ತುಕೊಂಡು ಬರಬಹುದು. ಮದುವೆಯಾದಾಗಿನಿಂದ ಶೈಲಾಳ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನನ್ನ ಹೆಸರಿನ ಮೇಲಿದೆ, ಈ ದೇಶದಲ್ಲಿ ಅವಳಿಗೆ ಜಾಮೀನು ನಿಂತ ಕಫೀಲ್ ನಾನು. ಕ್ಯಾಂಪಿನ ದಿನ ಮರಳುಗಾಡಿನಲ್ಲಿ ಆ ಗತ್ತಿನಲ್ಲೇ ಬಾವುಟದ ಕೋಲು ಹಿಡಿಯಲು ಗೊಣಗಿದೆ.

"ಇಲ್ಲೆ ನಾನಽ ನಿಮ್ಮ ಕಫೀಲ್," ಎಂದಳು. "ಸುಮ್ಮನ ಹಿಡಕೊಂಡು ನಡೀರಿ."

ನಡೆದೆ. ಕಾಳಬ್ಬೆ ಎಂದು ಕೂಗಿದರು, ಗುಡಾರಗಳ ಕಡೆಯಿಂದ ಚಪ್ಪಾಳೆ ಬಂತು. ಹಿಂತಿರುಗಿ ನೋಡಿದೆ. ಆಸ್ಪತ್ರೆಯ ಫಾರ್ಮಿನಲ್ಲೂ ಸ್ಕೂಲಿನ ಮೀಟಿಂಗಿನಲ್ಲೂ ಇಷ್ಟು ವರ್ಷ ಇಂಥವರ ಹೆಂಡತಿ ಎಂದಷ್ಟೇ ಬರೆಸಿಕೊಂಡು ಬಂದವಳು, ತಲೆಯೆತ್ತಿ ಮರಳಿನ ಮೇಲೆ ನಿಧಾನವಾಗಿ ನಡೆದು ಬರುತ್ತಿದ್ದಳು. ಆ ಕೂಗು ನನಗಿಂತ ಅವಳಿಗೇ ಹೆಚ್ಚು ಬೇಕಾಗಿತ್ತೆಂದು ನನಗೆ ಆಗ ಹೊಳೆಯಿತು. ಹಾಗೆಂದು ಹೊಟ್ಟೆಕಿಚ್ಚು ಆರಿತೆಂದು ತಿಳಿಯಬೇಡಿ.

ಅಷ್ಟರಲ್ಲಿ ಗಾಳಿ ಎದ್ದಿತು. ಬಾವುಟ ನನ್ನನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆಯತೊಡಗಿತು. ಗುಂಪಿನ ಲೆಬನಾನಿನ ಹುಡುಗ, ಎತ್ತರದ ಆಳು, ಅಗಲವಾದ ಎದೆ, ಗುರಾಣಿಯ ಮೇಲೆ ನೋಂದಾಯಿತ ಸಿಂಹ, ಓಡಿಬಂದು ಕೈ ಚಾಚಿದ. ಕಾಳಬ್ಬೆಯ ಬಾವುಟ ಹೊರುವುದು ತನಗೆ ಗೌರವ, ಕೊಡಿ ಅಂದ. ನನ್ನ ತೋಳು ಬಿದ್ದೇ ಹೋಗುವ ಹಾಗಿತ್ತು. ಕೋಲನ್ನು ಎದೆಗವಚಿಕೊಂಡೆ.

"ಇದು ನಮ್ಮನಿ ಏಡಿ," ಎಂದೆ.

ಗಡಿಬಿಡಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ಆದರೂ ಅವನು ಕೈ ಹಿಂದಕ್ಕೆ ತೆಗೆದುಕೊಂಡ.