ಬಾಯಮ್ಮ ಕರೆದುಕೊಂಡು ಹೋದ ಸ್ನಾನದ ಮನೆ

ಬಾಯಮ್ಮನ ಹಿಮ್ಮಡಿಗಳು ಹಸುಗೂಸಿನ ಹಿಮ್ಮಡಿಗಳ ಹಾಗಿದ್ದವು. ಅರವತ್ತು ದಾಟಿದ್ದರೂ ಒಂದು ಬಿರುಕಿರಲಿಲ್ಲ. ಗ್ಯಾರೇಜುಗಳ ಎಣ್ಣೆ, ಗುಡ್ಡದ ಕಡೆಯಿಂದ ಹಾರಿ ಬರುವ ದೂಳು, ವರ್ಷಕ್ಕೆ ಎಂಟು ತಿಂಗಳ ಸೆಕೆ ಎಲ್ಲ ಸೇರಿ ಮಸ್ಕತ್ತಿನ ವಾದಿ ಕಬೀರಿನಲ್ಲಿ ನಮ್ಮೆಲ್ಲರ ಕಾಲು ಒಡೆದು ಹೋಗಿದ್ದವು. ಲಿಫ್ಟ್ ಕೆಟ್ಟ ದಿನ ಅವರ ಹಿಂದೆ ಮೆಟ್ಟಿಲು ಹತ್ತುವಾಗ ಚಪ್ಪಲಿಯಿಂದ ಎದ್ದೆದ್ದು ಕಾಣುತ್ತಿದ್ದ ಆ ಗುಲಾಬಿ ಹಿಮ್ಮಡಿಗಳನ್ನು ನೋಡಿ ನನಗೆ ನಾಚಿಕೆಯಾಗುತ್ತಿತ್ತು.

ಗುಟ್ಟು ಏನೆಂದು ಒಮ್ಮೆ ಕೇಳಿದೆ. ಒಳಗೆ ಹೋಗಿ ಹೀರೆಕಾಯಿಯ ಒಣ ನಾರು ತಂದು ತೋರಿಸಿದರು. ಮಂಗಳೂರಿನಿಂದ ವರ್ಷಕ್ಕೆ ಆರು ತರುತ್ತಿದ್ದರಂತೆ.

"ಎಂತ ಗುಟ್ಟು? ತಿಕ್ಕಬೇಕು, ಅಷ್ಟೆ. ಈಗಿನವರು ಸ್ನಾನ ಮಾಡುವುದಲ್ಲ, ಒದ್ದೆ ಆಗಿ ಬರುವುದು," ಅಂದರು.

ನಮ್ಮ ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಮ್ಮ ಎನ್ನುತ್ತಾರೆ. ನಾವು ಎರಡನೇ ಮಹಡಿ, ಅವರು ಮೂರನೆಯದು. ಮದುವೆಯಾಗಿರಲಿಲ್ಲ. ರುವಿಯಲ್ಲಿ ಒಂದು ಜಪಾನಿ ಕಂಪೆನಿಯ ಆಫೀಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸೆಕ್ರೆಟರಿಯಾಗಿದ್ದರು. ಮ್ಯಾನೇಜರುಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಬಾಯಮ್ಮ ಮಾತ್ರ ಅಲ್ಲೇ. ಅವರ ಮನೆಯ ಬಾಗಿಲಲ್ಲಿ ಚಪ್ಪಲಿಗಳು ಹೊರಗೆ ಮುಖ ಮಾಡಿ ನಿಂತಿರುತ್ತಿದ್ದವು. ಫೋನಿನಲ್ಲಿ ಮಾತಾಡುವಾಗಲೂ ಬೆನ್ನು ಬಾಗಿಸುತ್ತಿದ್ದರು. ಮೀನಿನಂಗಡಿಯವನಿಗೆ ಫೋನ್ ಮಾಡುವಾಗಲೂ ಹಾಗೆಯೇ ಬಾಗುವುದನ್ನು ನೋಡಿ ನನ್ನ ಮಗಳು ನಗುತ್ತಿದ್ದಳು.

"ಅಷ್ಟು ಮ್ಯಾನೇಜರುಗಳನ್ನು ನೋಡಿದೆ," ಎಂದು ಅವರು ಹೇಳುತ್ತಿದ್ದರು. "ಊರು ನೆನಪಾದಾಗ ಒಬ್ಬನೂ ಊಟದ ಸುದ್ದಿ ಎತ್ತಲಿಲ್ಲ. ಎಲ್ಲರದ್ದೂ ಒಂದೇ ಮಾತು, ಸ್ನಾನ. ಊರಿನ ಸ್ನಾನದ ಮನೆಯಲ್ಲಿ ಕುತ್ತಿಗೆವರೆಗೆ ಬಿಸಿನೀರಿನಲ್ಲಿ ಕೂತುಕೊಳ್ಳುವುದು. ಅದೆಂತ ಸ್ನಾನ ಅಂತ ಒಮ್ಮೆ ನೋಡಬೇಕು."

ಮಸ್ಕತ್ತಿನ ಬೇಸಿಗೆಯಲ್ಲಿ ಆ ಮಾತು ಕೇಳಿದರೆ ಬೆವರು ಬರುತ್ತಿತ್ತು. ಇಲ್ಲಿ ಜೂನ್ ಬಂತೆಂದರೆ ಛಾವಣಿಯ ಟ್ಯಾಂಕು ಕಾದು, ತಣ್ಣೀರಿನ ನಲ್ಲಿಯಲ್ಲೇ ಕೈ ಸುಡುವ ನೀರು ಬರುತ್ತದೆ. ಗೀಸರು ಆರಿಸಿ, ಅದರಲ್ಲಿ ನಿಂತು ತಣಿದ ನೀರನ್ನು ಮೈಮೇಲೆ ಹಾಕಿಕೊಳ್ಳುತ್ತೇವೆ. ಆ ಸೆಕೆಯಲ್ಲೂ ನಾನು ಮಣಿಕಟ್ಟಿನವರೆಗೆ ತೋಳಿರುವ ಕುರ್ತಾ ಹಾಕುತ್ತಿದ್ದೆ.

ಕಾರಣ ಹೇಳಿಬಿಡುತ್ತೇನೆ. ಮಗಳು ಹುಟ್ಟಿದ ಮರುವರ್ಷ ನನ್ನ ಸೊಂಟದ ಮೇಲೆ ಒಂದು ಬಿಳಿ ಕಲೆ ಕಾಣಿಸಿಕೊಂಡಿತು. ಐದು ವರ್ಷದಲ್ಲಿ ಬೆನ್ನು, ಹೊಟ್ಟೆ, ತೊಡೆ, ಎರಡೂ ತೋಳು. ಮುಖಕ್ಕೆ, ಕೈಬೆರಳಿಗೆ ಬಂದಿರಲಿಲ್ಲ. ಡಾಕ್ಟರು ಇದು ಅಂಟುವುದಿಲ್ಲ, ನೋಯುವುದಿಲ್ಲ, ಹೆದರಬೇಡಿ ಎಂದರು. ಆದರೆ ಊರಿಗೆ ಹೋದಾಗ ಅತ್ತೆ ನನ್ನ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದ್ದನ್ನು ನಾನು ಕಂಡಿದ್ದೆ. ಅಲ್ಲಿಂದ ಶುರುವಾಯಿತು. ಕುರುಮ್ ಬೀಚಿಗೆ ಹೋದರೆ ಮರಳಿನಲ್ಲೇ ಕೂತಿರುತ್ತಿದ್ದೆ. ಮಗಳು ನೀರಿನಿಂದ ಕರೆದು ಕರೆದು ಸುಮ್ಮನಾಗುತ್ತಿದ್ದಳು. ನಾನು ಕೆಲಸ ಮಾಡುವ ದಂತ ಚಿಕಿತ್ಸಾಲಯದಲ್ಲಿ ನನ್ನನ್ನು ಬಹಳ ಮಡಿವಂತೆ ಎಂದುಕೊಂಡಿದ್ದರು. ಅದೇ ವಾಸಿ ಎಂದು ನಾನೂ ಸುಮ್ಮನಿದ್ದೆ.

ನಿವೃತ್ತಿಯ ವರ್ಷ ಬಾಯಮ್ಮ ಜಪಾನಿಗೆ ಹೊರಟರು. ಜೊತೆಗೆ ಬರುತ್ತೀಯಾ ಎಂದು ನನ್ನನ್ನು ಕೇಳಿದರು. ನನ್ನ ಗಂಡ, "ಹೋಗಿ ಬಾ, ಹತ್ತು ದಿವಸ ನಾನು ಸುಧಾರಿಸ್ತೇನೆ," ಎಂದರು. ಮದುವೆಯಾದ ಮೇಲೆ ನಾನು ಕಂಡ ದಾರಿ ಮಸ್ಕತ್ತು–ಮಂಗಳೂರು ಒಂದೇ. ಹೂಂ ಎಂದೆ. ಸ್ನಾನದ ಮನೆಯ ವಿಷಯ ಆಗ ನೆನಪಿಗೇ ಬರಲಿಲ್ಲ.

ಟೋಕಿಯೊದ ಒಂದು ಹಳೆಯ ಬಡಾವಣೆಯಲ್ಲಿ ನಾವು ಇಳಿದುಕೊಂಡೆವು. ಏಪ್ರಿಲ್ ತಿಂಗಳು, ಚಳಿ ಪೂರ್ತಿ ಹೋಗಿರಲಿಲ್ಲ. ಮನೆಗಳ ಮುಂದೆ ಕುಂಡಗಳಲ್ಲಿ ಹೂಗಿಡ, ಹಿತ್ತಲಿಲ್ಲದವರ ಹಿತ್ತಲಿನ ಹಾಗೆ. ರೈಲಿನಲ್ಲಿ ಅಷ್ಟು ಜನ ತುಂಬಿದ್ದರೂ ಇಗರ್ಜಿಯೊಳಗಿನಂಥ ಮೌನ. ರಸ್ತೆಯಲ್ಲಿ ಕಸದ ಬುಟ್ಟಿಯೇ ಇರಲಿಲ್ಲ. ಬೆಳಿಗ್ಗೆ ತಿಂದ ಕಿತ್ತಳೆಯ ಸಿಪ್ಪೆ ಸಂಜೆಯವರೆಗೆ ಬಾಯಮ್ಮನ ಕೈಚೀಲದಲ್ಲಿ ಊರೆಲ್ಲ ಸುತ್ತಿತು. ಅವರು ಮರೆತ ಕೊಡೆಯನ್ನು ಹಿಡಿದುಕೊಂಡು ತರಕಾರಿ ಅಂಗಡಿಯವಳು ಎರಡು ಓಣಿ ಓಡಿ ಬಂದಳು.

ಬಾಯಮ್ಮನಿಗೆ ಬರುತ್ತಿದ್ದ ಜಪಾನಿ ಭಾಷೆಯೆಲ್ಲ ಆಫೀಸಿನ ಫೋನಿನದು. ಹಲೋ, ಸ್ವಲ್ಪ ಕಾಯಿರಿ, ಅವರು ಈಗ ಮೀಟಿಂಗಿನಲ್ಲಿದ್ದಾರೆ. ಇಷ್ಟರಲ್ಲೇ ಅವರು ಹತ್ತು ದಿನ ಸಂಸಾರ ನಡೆಸಿದರು. ಕೊಡೆ ತಂದವಳು ಏನೋ ಕೇಳಿದಾಗ ಇವರು ಬೆನ್ನು ಬಾಗಿಸಿ, "ಅವರು ಈಗ ಮೀಟಿಂಗಿನಲ್ಲಿದ್ದಾರೆ," ಎಂದರು. ಅವಳು ಒಂದು ಕ್ಷಣ ದಂಗಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸಾರ್ವಜನಿಕ ಸ್ನಾನದ ಮನೆ ನಮ್ಮ ಓಣಿಯ ಕೊನೆಯಲ್ಲೇ ಇತ್ತು. ಎತ್ತರದ ಚಿಮಣಿ, ಬಾಗಿಲಿಗೆ ನೀಲಿ ಬಟ್ಟೆಯ ಪರದೆ. ಮಧ್ಯಾಹ್ನ ಮೂರೂವರೆಗೆ ತೆರೆಯುವುದು. ಮೂರಕ್ಕೇ ಮುದುಕಿಯರು ಪ್ಲಾಸ್ಟಿಕ್ ಬೋಗುಣಿ ಹಿಡಿದು ಬಾಗಿಲಲ್ಲಿ ಹರಟೆ ಹೊಡೆಯುತ್ತ ನಿಂತಿರುತ್ತಿದ್ದರು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ. ಒಳಗೆ ಮಾತ್ರ ಮೈಮೇಲೆ ಒಂದು ನೂಲೂ ಇರಬಾರದು.

"ನಾನು ಬರುವುದಿಲ್ಲ ಬಾಯಮ್ಮ. ರೂಮಿನಲ್ಲೇ ಬಾತ್‌ರೂಮ್ ಉಂಟಲ್ಲ," ಎಂದೆ.

ಯಾಕೆ ಎಂದು ಅವರು ಕೇಳಲಿಲ್ಲ. "ಹಾಗಾದ್ರೆ ನೀನು ಹೊರಗೆ ಕೂತ್ಕೊ," ಎಂದು ಹೀರೆನಾರು, ಚಿಕ್ಕ ಟವೆಲು ಹಿಡಿದು ಒಳಗೆ ಹೋದರು. ಮುಕ್ಕಾಲು ಗಂಟೆ ಬಿಟ್ಟು ಕೆಂಪಗೆ ಬೆಂದು ಹೊರಬಂದವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಫ್ರಿಜ್ಜಿನಿಂದ ಗಾಜಿನ ಬಾಟಲಿಯ ತಣ್ಣನೆಯ ಹಾಲು ತೆಗೆದು, ನಿಂತುಕೊಂಡೇ ಗಟಗಟ ಕುಡಿದರು. ಎರಡನೆಯ ದಿನವೂ ಹಾಗೆಯೇ.

ಮೂರನೆಯ ದಿನ ನಾನು ಹೊರಗಿನ ಕೋಣೆಯಲ್ಲಿ ಕೂತು ಮಗಳಿಗೆ ಫೋಟೋ ಕಳಿಸುತ್ತಿದ್ದೆ. ಗಲ್ಲಾದ ಮೇಲಿದ್ದ ಹೆಂಗಸು ಇದ್ದಕ್ಕಿದ್ದಂತೆ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು ಎಳೆದಳು. ಅವಳ ಮಾತು ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು. ಕಾಲುಚೀಲದಲ್ಲೇ ಒಳಗೆ ಓಡಿದೆ.

ಹಬೆಯ ನಡುವೆ ಬಾಯಮ್ಮ ನೆಲದ ಮೇಲೆ ಕೂತಿದ್ದರು. ಮುಖ ಬಿಳಿಚಿ, ತುಟಿ ನಡುಗುತ್ತಿತ್ತು. ಇಬ್ಬರು ಅವರ ಬೆನ್ನಿಗೆ ಆಸರೆ ಕೊಟ್ಟಿದ್ದರು, ಒಬ್ಬಳು ಕಾಲಿಗೆ ತಣ್ಣೀರು ಹೊಯ್ಯುತ್ತಿದ್ದಳು. ನಾನು ಅಲ್ಲೇ ಮಂಡಿಯೂರಿದೆ.

"ಶುಗರ್," ಎಂದರು ಬಾಯಮ್ಮ, ತೊದಲುತ್ತ. "ಇಳಿದಿದೆ. ಎಂತಾದರೂ ಸಿಹಿ ಕೊಡು."

ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ನನಗೆ ಗೊತ್ತಾದದ್ದೇ ಆಗ. ಮಧ್ಯಾಹ್ನದ ಊಟ ಬಿಟ್ಟು ಮಾತ್ರೆ ನುಂಗಿ ಬಿಸಿನೀರಿಗೆ ಇಳಿದಿದ್ದರು. ಗಲ್ಲಾದವಳು ಅಷ್ಟರಲ್ಲಿ ಹಣ್ಣಿನ ರಸದ ಬಾಟಲಿ ತಂದಳು. ಗುಟುಕು ಗುಟುಕಾಗಿ ಕುಡಿಸಿದೆ. ಹದಿನೈದು ನಿಮಿಷಕ್ಕೆ ಮುಖದಲ್ಲಿ ರಕ್ತ ಕಂಡಿತು. ಸುತ್ತ ನಿಂತವರಿಗೆ ಅವರು ಕೂತಲ್ಲಿಂದಲೇ ತಲೆ ಬಾಗಿಸಿದರು. ಎಲ್ಲರೂ ತಿರುಗಿ ಬಾಗಿದರು, ಆಮೇಲೆ ತಮ್ಮ ತಮ್ಮ ನಲ್ಲಿಗೆ ಹೋದರು.

ಆಗ ನನಗೆ ನನ್ನ ಗತಿ ತಿಳಿಯಿತು. ಬಟ್ಟೆ ಪೂರ್ತಿ ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು. ಬೆನ್ನು ಬಾಗಿದ ಒಬ್ಬ ಮುದುಕಿ ಹತ್ತಿರ ಬಂದಳು. ಎಂಬತ್ತಕ್ಕೆ ಕಮ್ಮಿಯಿಲ್ಲ. ಏನೋ ಗೊಣಗುತ್ತ ನನ್ನ ಕುರ್ತಾದ ಅಂಚು ಹಿಡಿದು, ಶಾಲೆಯಿಂದ ಮಳೆಯಲ್ಲಿ ನೆನೆದು ಬಂದ ಮಗುವಿನ ಅಂಗಿ ಕಳಚುವ ಹಾಗೆ ತಲೆಯ ಮೇಲಿಂದ ಎಳೆದುಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ.

ತೆರೆದಾಗ ಅವಳು ಆ ಕಡೆ ತಿರುಗಿ ನನ್ನ ಕುರ್ತಾ ಹಿಂಡುತ್ತಿದ್ದಳು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನೋಡಬಾರದೆಂದು ಮುಖ ತಿರುಗಿಸಿದ್ದೂ ಅಲ್ಲ. ಒಬ್ಬಳು ತಲೆಗೆ ಸೋಪು ಹಾಕುತ್ತಿದ್ದಳು, ಒಬ್ಬಳು ಮೊಣಕಾಲು ನೀವಿಕೊಳ್ಳುತ್ತಿದ್ದಳು. ಹೊಟ್ಟೆಯ ಮೇಲೆ ಆಪರೇಷನ್ನಿನ ಗೆರೆ ಇದ್ದವಳು ಒಬ್ಬಳು, ಒಂದೇ ಮೊಲೆ ಇದ್ದವಳು ಇನ್ನೊಬ್ಬಳು. ಮುದುಕಿ ಒಂದು ಪುಟ್ಟ ಮಣೆಯನ್ನು ನನ್ನ ಕಡೆ ತಳ್ಳಿದಳು. ಕೂತೆ. ಉಳಿದ ಬಟ್ಟೆಯನ್ನೂ ತೆಗೆದೆ. ಅವಳ ಕಣ್ಣು ಬಾಯಮ್ಮನ ಹೀರೆನಾರಿನ ಮೇಲೆ ಬಿತ್ತು. "ಹೆಚಿಮಾ!" ಎಂದಳು, ಕಳೆದುಹೋದ ನೆಂಟರನ್ನು ಕಂಡವಳಂತೆ. ಅವರಲ್ಲೂ ಅದೇ ನಾರು ಇದೆಯಂತೆ, ಈಗ ಯಾರೂ ಬೆಳೆಯುವುದಿಲ್ಲವಂತೆ. ಕೈಸನ್ನೆಯಲ್ಲಿ ನಮಗೆ ಅಷ್ಟು ತಿಳಿಯಿತು. ಬಾಯಮ್ಮ ಕೊಡುವ ಮೊದಲೇ ಅದನ್ನು ಎತ್ತಿಕೊಂಡು ಸೋಪು ಹಚ್ಚಿ ನನ್ನ ಬೆನ್ನು ತಿಕ್ಕತೊಡಗಿದಳು. ಕಂದು ಚರ್ಮದ ಮೇಲೆ, ಬಿಳಿ ಚರ್ಮದ ಮೇಲೆ ಅವಳ ಕೈಯ ವೇಗ ಒಂದೇ ಆಗಿತ್ತು. ಎಂಟು ವರ್ಷದಿಂದ ನನ್ನ ಬೆನ್ನನ್ನು ನಾನೂ ಹಾಗೆ ತಿಕ್ಕಿರಲಿಲ್ಲ. ನೀರು ಸುರಿಯುತ್ತಿತ್ತು, ನಾನು ಅತ್ತೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ.

ಹೊರಬಂದ ಮೇಲೆ, ಗಲ್ಲಾದವಳು ಕೊಟ್ಟ ಹತ್ತಿಯ ನಿಲುವಂಗಿ ಸುತ್ತಿಕೊಂಡು ಬಾಯಮ್ಮನ ಮೇಲೆ ಸಿಟ್ಟು ಮಾಡಿದೆ.

"ಶುಗರ್ ಇದೆ ಅಂತ ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಬಿಸಿನೀರಿಗೆ ಇಳಿಲಿಕ್ಕೆ ಬಿಡ್ತಿದ್ದಿಯಾ?"

"ಬಿಡ್ತಿರಲಿಲ್ಲ."

"ಮತ್ತೆ?" ಹಾಲಿನ ಬಾಟಲಿ ತೆರೆದು ನನ್ನ ಕೈಗಿತ್ತರು. "ನೀನೂ ನಂಗೆ ಹೇಳ್ಲಿಲ್ಲ."

"ನಿಮಗೆ ಗೊತ್ತಿತ್ತಾ?"

"ಜೂನ್ ತಿಂಗಳಲ್ಲಿ ವಾದಿ ಕಬೀರಿನಲ್ಲಿ ತುಂಬುತೋಳಿನ ಬಟ್ಟೆ ಹಾಕಿಕೊಂಡು ಯಾರು ತಿರುಗ್ತಾರೆ ಮಾರಾಯ್ತಿ? ನಾಲ್ಕು ವರ್ಷದಿಂದ ಗೊತ್ತುಂಟು. ನೀನಾಗಿ ಹೇಳುವವರೆಗೆ ಕೇಳುವುದು ಬೇಡ ಅಂತ ಸುಮ್ಮನಿದ್ದೆ. ಹಾಲು ಕುಡಿ, ಬಿಸಿ ಆಗ್ತದೆ."

ಅಷ್ಟೆ. ಆ ವಿಷಯವನ್ನು ಅವರು ಇನ್ನೊಮ್ಮೆ ಎತ್ತಲಿಲ್ಲ.

ಉಳಿದ ದಿನಗಳಲ್ಲಿ ನಾವು ಬೇರೆ ಏನು ನೋಡಿದೆವೋ ಸರಿಯಾಗಿ ನೆನಪಿಲ್ಲ. ದೇವಸ್ಥಾನ, ಕೋಟೆ, ಎತ್ತರದ ಗೋಪುರ ಎಲ್ಲ ಫೋಟೋದಲ್ಲಿವೆ. ನೆನಪಿರುವುದು ಮೂರು ಗಂಟೆಯಾಗುತ್ತಲೇ ಎಲ್ಲಿದ್ದರೂ ರೈಲು ಹತ್ತಿ ನಮ್ಮ ಓಣಿಗೆ ಓಡಿ ಬರುತ್ತಿದ್ದುದು. ಊಟ ಮಾಡಿದ್ದಾರೆಯೇ ಎಂದು ನಾನು ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಬಾಯಮ್ಮ ನೀರಿಗೆ ಇಳಿಯುತ್ತಿದ್ದರು. ಮೊದಲು ಮಣೆಯ ಮೇಲೆ ಕೂತು ಮೈಯೆಲ್ಲ ತೊಳೆದು, ಆಮೇಲೆ ತೊಟ್ಟಿಗೆ. ಟವೆಲನ್ನು ನಾಲ್ಕು ಮಡಿಕೆ ಮಾಡಿ ತಲೆಯ ಮೇಲಿಟ್ಟುಕೊಳ್ಳಬೇಕು, ನೀರಿಗೆ ತಾಗಿಸಬಾರದು. ಎದುರಿನ ಗೋಡೆಯ ತುಂಬ ಹಿಮದ ಬೆಟ್ಟದ ಚಿತ್ರ. ಕುತ್ತಿಗೆವರೆಗೆ ಮುಳುಗಿ ಕೂತ ಮುದುಕಿಯರು ಬಾಯಮ್ಮನನ್ನು ಏನಾದರೂ ಕೇಳುತ್ತಿದ್ದರು. ಇವರು ಗಂಭೀರವಾಗಿ, ಅವರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಿದ್ದರು. ತೊಟ್ಟಿಯ ನೀರೆಲ್ಲ ನಗುವಿಗೆ ಅಲುಗುತ್ತಿತ್ತು. ಹೊರಗೆ ಬಂದರೆ ಒದ್ದೆ ಕೂದಲಿಗೆ ತಣ್ಣನೆಯ ಗಾಳಿ, ಯಾರದೋ ಮನೆಯಲ್ಲಿ ಮೀನು ಸುಡುವ ವಾಸನೆ. ಹೊರಡುವ ದಿನ ಬಾಯಮ್ಮ ಆ ಹೀರೆನಾರನ್ನು ಬೆನ್ನು ಬಾಗಿದ ಮುದುಕಿಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಒಮಾನ್ ಬಿಟ್ಟು ಮಂಗಳೂರಿಗೆ ಹೋಗುವ ಮೊದಲು ಬಾಯಮ್ಮ ಒಂದೇ ಒಂದು ಆಸೆ ಹೇಳಿದರು. ರುಸ್ತಾಕಿನಲ್ಲಿ ಬಿಸಿನೀರಿನ ಬುಗ್ಗೆ ಇದೆ, ಹೋಗುವ. ಒಂದು ಶುಕ್ರವಾರ, ಇಲ್ಲಿನ ವಾರದ ರಜೆಯ ದಿನ, ಇಗರ್ಜಿಯಲ್ಲಿ ಅವರ ಪೂಜೆ ಮುಗಿದ ಮೇಲೆ ಕಾರಿನಲ್ಲಿ ಹೊರಟೆವು. ಹೆಂಗಸರ ಕಡೆ ಕೆಲವರು ಒಮಾನಿ ಅಜ್ಜಿಯರು ಬಟ್ಟೆ ತೊಟ್ಟುಕೊಂಡೇ ನೀರಿನಲ್ಲಿ ಕೂತಿದ್ದರು. ನಾನು ಗಿಡ್ಡ ತೋಳಿನ ಅಂಗಿಯಲ್ಲಿದ್ದೆ. ಒಬ್ಬ ಅಜ್ಜಿ ನನ್ನ ತೋಳನ್ನು ಬೆರಳಿನಿಂದ ಮುಟ್ಟಿ, "ಏಶ್ ಹಾದಾ?" ಎಂದಳು. ಏನಿದು ಎಂದು. ನಾನು ಬಾಯಮ್ಮನ ಕಡೆ ತಿರುಗಿದೆ.

"ಜಿಲ್ದ್. ಬಸ್," ಎಂದರು ಬಾಯಮ್ಮ. ಚರ್ಮ, ಅಷ್ಟೆ.

ಅಜ್ಜಿ ಸ್ವಲ್ಪ ಯೋಚಿಸಿ, ಸರಿದು, ನೀರು ಹೆಚ್ಚು ಬಿಸಿ ಇರುವ ಜಾಗದಲ್ಲಿ ನಮ್ಮನ್ನು ಕೂರಿಸಿದಳು. ಖರ್ಜೂರ ಕೊಟ್ಟಳು. ಬಾಯಮ್ಮ ಅರ್ಧ ತಿಂದು ಅರ್ಧ ನನಗೆ ಕೊಟ್ಟು, "ಶುಗರ್," ಎಂದು ಕಣ್ಣು ಮಿಟುಕಿಸಿದರು.

ಈ ವರ್ಷದ ಆರಂಭದಲ್ಲಿ ಅವರ ತಂಗಿಯ ಮಗಳು ಮಂಗಳೂರಿನಿಂದ ಫೋನ್ ಮಾಡಿದಳು. ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲವಂತೆ. ನಾನು ಕ್ಲಿನಿಕ್ಕಿನಲ್ಲಿದ್ದೆ. ಎದುರಿಗೆ ಒಬ್ಬರು ದವಡೆ ಹಿಡಿದುಕೊಂಡು ಕೂತಿದ್ದರು. ಅವರ ಹೆಸರು ಬರೆದುಕೊಂಡೆ, ಒಳಗೆ ಕಳಿಸಿದೆ, ಮುಂದಿನವರನ್ನು ಕರೆದೆ. ಮನೆಗೆ ಬಂದ ಮೇಲೆ ಮೂರನೇ ಮಹಡಿಯವರೆಗೆ ಹತ್ತಿ ಹೋದೆ. ಅಲ್ಲಿ ಈಗ ಬೇರೆ ಯಾರೋ ಇದ್ದಾರೆ. ಬಾಗಿಲು ತಟ್ಟದೆ ಇಳಿದು ಬಂದೆ.

ಅದಾಗಿ ಎರಡು ತಿಂಗಳಿಗೆ ನನ್ನ ಮಗಳು, ಈಗ ಅವಳಿಗೆ ಹದಿಮೂರು, ಅಡುಗೆಮನೆಗೆ ಬಂದು ಮೊಣಕಾಲು ತೋರಿಸಿದಳು. ಗೋಧಿಕಾಳಿನಷ್ಟು ಬಿಳಿ.

"ಮಮ್ಮಾ, ಐ ಥಿಂಕ್ ಐ ಹ್ಯಾವ್ ಇಟ್ ಟೂ," ಎಂದಳು. ಅತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಎಷ್ಟು ಹೆದರಬೇಕು ಎಂದು ನನ್ನನ್ನು ನೋಡಿ ತಿಳಿದುಕೊಳ್ಳುವವಳ ಹಾಗೆ.

ಗ್ಯಾಸ್ ಆರಿಸಿದೆ. ಅವಳ ಮೊಣಕಾಲನ್ನು ಬೆಳಕಿಗೆ ಹಿಡಿದು ನೋಡಿದೆ. "ಹೌದು, ಅದೇ ಇರಬೇಕು. ನಾಳೆ ಡಾಕ್ಟರಿಗೆ ತೋರಿಸುವ. ಈಗ ಊಟ ಮಾಡು," ಎಂದೆ. ನನ್ನ ದನಿ ನಡುಗಲಿಲ್ಲ. ಆ ಸಮಾಧಾನ ಎಲ್ಲಿಂದ ಬಂತೆಂದು ನನಗೆ ಗೊತ್ತು.

ಅವಳು ತಟ್ಟೆ ಹಾಕಿಕೊಂಡು ಕೂತಳು. ಎರಡು ತುತ್ತು ತಿಂದು, ಶಾಲೆಯಲ್ಲಿ ಈಜಿನ ತರಗತಿಗೆ ಹೆಸರು ಕೊಡಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಬೇಕು ಎಂದಳು. ಪತ್ರ ವಾರದಿಂದ ಅವಳ ಚೀಲದಲ್ಲೇ ಇತ್ತಂತೆ. ಕೊಡಲೋ ಬೇಡವೋ ಎಂದು ಯೋಚಿಸುತ್ತಿದ್ದಳಂತೆ. ಕೈ ತೊಳೆದು ಬಂದು ಸಹಿ ಹಾಕಿದೆ.

"ಅಪ್ಪ ಅಮ್ಮಂದಿರಿಗೂ ನೀರಿಗೆ ಇಳಿಯಲಿಕ್ಕೆ ಬಿಡ್ತಾರಾ?" ಎಂದು ಕೇಳಿದೆ.

ಅವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಆಮೇಲೆ, ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಕನ್ನಡದಲ್ಲಿ ಹೇಳಿದಳು, "ಅಲ್ಲಿ ಬಿಡುವುದಿಲ್ಲ. ಬೀಚಿಗೆ ಹೋಗುವ. ನೀನು ಇಳಿತಿಯಾದರೆ."

ಆ ಶುಕ್ರವಾರವೇ ಹೋದೆವು.