ಫೋರ್ತ್ ಕ್ಲಾಸ್ ದಾರಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ವರ್ಷ ನನ್ನ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಸಿಡುಕುತ್ತಿದ್ದರು. ಇವರಿಗೆ, ಅಂದರೆ ನನ್ನ ಗಂಡನಿಗೆ, ಹೃದಯಾಘಾತವಾಗಿತ್ತು. ನಾವು ಬಂದು ನೆಲೆಸಿದ ಈ ಪರದೇಶದಲ್ಲಿ, ವೆಲ್ಷ್‌ಪೂಲ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರಂತೆ. ಜೊತೆಯವರು ಆಂಬುಲೆನ್ಸ್ ಕರೆದರು, ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಅದಕ್ಕಾಗಿ ನಾನು ದಿನಾ ಬೆಳಗ್ಗೆ ದೇವರಿಗೂ ಆ ಡಾಕ್ಟರಿಗೂ ಒಟ್ಟಿಗೇ ಕೈಮುಗಿಯುತ್ತಿದ್ದೆ. ಆದರೆ ಉಳಿದ ಜೀವ ಸೋಫಾ ಬಿಟ್ಟು ಏಳಲೊಲ್ಲದು.

ಹೃದಯ ಚೆನ್ನಾಗಿದೆ, ಇನ್ನು ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಇವರು ತಲೆಯಾಡಿಸಿ ಮನೆಗೆ ಬಂದವರು ಬೆರಳಿನಿಂದ ಮಣಿಕಟ್ಟು ಹಿಡಿದುಕೊಂಡು ಕೂತುಬಿಟ್ಟರು. ಟೀವಿ ನೋಡುವಾಗಲೂ ನಾಡಿ, ಊಟದ ಮಧ್ಯೆಯೂ ನಾಡಿ. ಒಬ್ಬರೇ ಇರುವುದೆಂದರೆ ಪ್ರಾಣಭಯ. ನಾನು ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದರೆ ಹಿಂದೆಯೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ತರಕಾರಿ ತರಲು ಹೊರಟರೆ ಕಾರಿನಲ್ಲಿ ಬಂದು ಕೂರುತ್ತಿದ್ದರು. ಹಬ್ಬಕ್ಕೆ ನಾಲ್ಕು ಮನೆಯವರನ್ನು ಕರೆದು ನಗಿಸುತ್ತಿದ್ದ ಮನುಷ್ಯ! ಹೈಸ್ಕೂಲಿನಲ್ಲಿದ್ದ ಮಗಳು ನನ್ನ ಗೊಣಗಾಟವನ್ನೆಲ್ಲ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು: "ಅಮ್ಮಾ, ಹಿ ಈಸ್ ಜಸ್ಟ್ ಸ್ಕೇರ್ಡ್."

ಅದು ನನಗೂ ಗೊತ್ತಿತ್ತು. ಆದರೆ ಇವರು ಇನ್ನು ಮುಂದೆ ಹೀಗೇ ಇದ್ದುಬಿಟ್ಟರೆ ಏನು ಗತಿ ಎಂಬ ಚಿಂತೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ನಾನು ಮದುವೆಯಾದ ಮನುಷ್ಯ ಆಸ್ಪತ್ರೆಯಿಂದ ಇನ್ನೂ ವಾಪಸು ಬಂದಿಲ್ಲ ಎನಿಸುತ್ತಿತ್ತು.

ಆಸ್ಪತ್ರೆಯ ನರ್ಸ್ ಒಬ್ಬರು ಸಮತಟ್ಟಾದ ಸುಲಭ ದಾರಿಗಳಲ್ಲಿ ನಡೆಸಿ ಎಂದಿದ್ದರು. ಎಲೆನ್‌ಬ್ರೂಕ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಹೋಗುವಷ್ಟು ದೂರದಲ್ಲಿ ಒಂದು ಪೈನ್ ಕಾಡಿತ್ತು. ಬರೀ ಮರಳು ನೆಲ. ಅದರ ಮೇಲೆ ಸಾಲಾಗಿ ಪೈನ್ ಮರಗಳು, ನಡುನಡುವೆ ಬ್ಯಾಂಕ್ಸಿಯಾ ಪೊದೆಗಳು. ಮೇಲೆ ಕರಿ ಗಿಳಿಗಳು ಕೂತು ಪೈನ್ ಕಾಯಿ ಸುಲಿದು ಸಿಪ್ಪೆಯನ್ನು ನಮ್ಮ ತಲೆಯ ಮೇಲೆ ಉದುರಿಸುತ್ತಿದ್ದವು. ಇವರು ಕಾರು ನಿಲ್ಲಿಸಿದಲ್ಲಿಂದ ಮೊದಲ ಬೆಂಚಿನವರೆಗೆ ಬರುತ್ತಿದ್ದರು, ಕೂತು ನಾಡಿ ನೋಡಿಕೊಳ್ಳುತ್ತಿದ್ದರು, ಆಮೇಲೆ "ಸಾಕು ಕಣೇ, ಹೋಗೋಣ" ಎನ್ನುತ್ತಿದ್ದರು. ಅಷ್ಟಕ್ಕೆ ನಾನು ಫ್ಲಾಸ್ಕಿನಲ್ಲಿ ಕಾಫಿ ಬೇರೆ ಹೊತ್ತುಕೊಂಡು ಹೋಗಬೇಕು.

ಒಂದು ಶನಿವಾರ ಹೋದಾಗ ಅಲ್ಲಿ ಹೊಸ ಬೋರ್ಡು ನಿಲ್ಲಿಸಿದ್ದರು. ಕಾಡಿನ ನಕ್ಷೆ, ಬಣ್ಣಬಣ್ಣದ ದಾರಿಗಳು, ಒಂದೊಂದರ ಪಕ್ಕದಲ್ಲೂ ಒಂದು ಅಂಕಿ. ಅಡಿಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿತ್ತು. ಇಬ್ಬರ ಕನ್ನಡಕವೂ ಮನೆಯಲ್ಲಿ. ಮಗಳಿದ್ದಿದ್ದರೆ ಓದಿ ಹೇಳುತ್ತಿದ್ದಳು, ಅವಳಿಗೆ ಅಂದು ನೆಟ್‌ಬಾಲ್ ಪಂದ್ಯ ಇತ್ತು.

"ಏ, ಇಲ್ ನೋಡೇ. ಕ್ಲಾಸ್ ಒನ್, ಟೂ, ತ್ರೀ, ಫೋರ್ ಅಂತ ಹಾಕಿದಾರೆ" ಎಂದರು ಇವರು.

"ಹಾಗಂದ್ರೆ ಏನ್ರೀ?"

"ಇನ್ನೇನು? ಫಸ್ಟ್ ಕ್ಲಾಸು ಗಟ್ಟಿಗರಿಗೆ. ನನ್ನಂಥೋನಿಗೆ ಇನ್ಮೇಲೆ ಲಾಸ್ಟ್ ಕ್ಲಾಸೇ ಗತಿ. ಫೋರ್ತ್ ಕ್ಲಾಸಲ್ಲಿ ಹೋಗೋಣ ಬಾ."

ನನಗೂ ಅದು ಸರಿಯೆಂದೇ ತೋರಿತು. ನಾವು ಬೆಳೆದದ್ದೇ ಹಾಗಲ್ಲವೇ? ಫಸ್ಟ್ ಕ್ಲಾಸ್ ಬಂದರೆ ಬೀದಿಗೆಲ್ಲ ಪೇಡ, ಸೆಕೆಂಡ್ ಕ್ಲಾಸ್ ಬಂದರೆ ಮನೆಯವರಿಗೆ ಮಾತ್ರ, ಅದಕ್ಕಿಂತ ಕೆಳಗೆ ಹೋದರೆ ನೆಂಟರ ಕಣ್ಣು ತಪ್ಪಿಸಿ ಓಡಾಡಬೇಕು. ಇವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಫಸ್ಟ್ ಕ್ಲಾಸಿನಲ್ಲಿ ಪಾಸಾದವರು. ಮದುವೆಯಾದಂದಿನಿಂದ ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಅಂಥವರು ಈಗ ತಾವಾಗಿಯೇ ಫೋರ್ತ್ ಕ್ಲಾಸ್ ಎನ್ನುತ್ತಿದ್ದರು. ಏನೋ ಒಂದು, ಬೆಂಚು ದಾಟಿದರೆ ಸಾಕು ಎಂದುಕೊಂಡು ಹೊರಟೆ.

ಮೊದಲು ಪೈನ್ ಮರಗಳ ನಡುವೆ ಮರಳಿನ ದಾರಿ. ಆಮೇಲೆ ಪೈನ್ ಮುಗಿದು ಕಲ್ಲು ಶುರುವಾಯಿತು. ದಾರಿ ಗುಡ್ಡದ ಕಡೆ ತಿರುಗಿತು.

"ರೀ, ಇದ್ಯಾಕೋ ಏರ್ತಾನೇ ಇದೆಯಲ್ರೀ?"

"ಲಾಸ್ಟ್ ಕ್ಲಾಸ್ ಕಣೇ. ಈಗ ಇಳಿಯುತ್ತೆ, ಬಾ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ದಾರಿ ಇಳಿಯಲಿಲ್ಲ. ಬಂಡೆಗೆ ಕೈ ಕೊಟ್ಟು ಹತ್ತಬೇಕಾದ ಜಾಗ ಬಂತು. ಇವರ ಮುಖ ಕೆಂಪಾಯಿತು, ಅಂಗಿ ಬೆನ್ನಿಗೆ ಅಂಟಿತು. ನನ್ನ ಜೀವ ಬಾಯಿಗೆ ಬಂದಿತ್ತು. ಬ್ಯಾಗಿನಲ್ಲಿ ಮಾತ್ರೆ ಇದೆಯೇ ಎಂದು ತಡಕಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ತಾಯಿ ಚಾಮುಂಡಿ, ಇವರನ್ನು ಕೆಳಗಿಳಿಸಿಕೊಡು, ಮೆಟ್ಟಿಲು ಹತ್ತಿಯೇ ನಿನ್ನ ದರ್ಶನಕ್ಕೆ ಬರುತ್ತೇನೆ ಎಂದು ಹರಕೆ ಹೊತ್ತೆ.

"ವಾಪಸ್ ಹೋಗೋಣ ನಡೀರಿ, ನಿಮ್ಮ ದಮ್ಮಯ್ಯ" ಎಂದೆ.

ಇವರು ಬಂಡೆಗೆ ಒರಗಿ ನಿಂತು, "ಚಿಕ್ಮಕ್ಕಳು ಹತ್ತೋ ದಾರಿಗೇ ಹೀಗೆ ಏದುಸಿರು ಬಂದ್ರೆ ನನ್ ಕಥೆ ಮುಗೀತು ಅಂತಲೇ ಲೆಕ್ಕ. ಇದ್ರಲ್ಲೂ ಫೇಲಾಗ್ಲಾ?" ಎಂದರು. ಕಣ್ಣಲ್ಲಿ ನೀರಿತ್ತು. ನಾನು ಇವರ ಕೈ ಹಿಡಿದುಕೊಂಡೆ. ನಿಂತು ನಿಂತು ಹತ್ತಿದೆವು.

ಮೇಲೆ ಒಬ್ಬ ಬಿಳಿ ಕೂದಲಿನ ಹೆಂಗಸು ಊರುಗೋಲು ಪಕ್ಕಕ್ಕಿಟ್ಟು ಸೇಬು ತಿನ್ನುತ್ತಾ ಕೂತಿದ್ದರು. ನಮ್ಮನ್ನು ನೋಡಿ ಶಭಾಶ್ ಎನ್ನುವಂತೆ "ಗುಡ್ ಆನ್ ಯು!" ಎಂದರು. ಇವರಿಗೆ ನಾಚಿಕೆಯಾಯಿತು. ತಮಗೆ ಹಾರ್ಟ್ ಅಟ್ಯಾಕ್ ಆಗಿತ್ತು, ಅದಕ್ಕೇ ಎಲ್ಲಕ್ಕಿಂತ ಸುಲಭದ ದಾರಿಯಲ್ಲಿ ಬಂದದ್ದು, ಅದಕ್ಕೇ ಇಷ್ಟು ಸುಸ್ತು ಎಂದು ಇಂಗ್ಲಿಷಿನಲ್ಲಿ ಕ್ಷಮೆ ಕೇಳುವವರಂತೆ ಹೇಳಿದರು. ಆಕೆ ಅಗಿಯುವುದನ್ನು ನಿಲ್ಲಿಸಿದರು. ಸುಲಭದ್ದೇ? ಯಾರು ಹೇಳಿದ್ದು? ಇಲ್ಲಿ ಒಂದನೇ ಕ್ಲಾಸ್ ಎಂದರೆ ಮಗುವಿನ ತಳ್ಳುಗಾಡಿ, ಗಾಲಿಕುರ್ಚಿ ಹೋಗುವ ದಾರಿ. ಅಂಕಿ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ನೀವು ಹತ್ತಿದ್ದು ಈ ಕಾಡಿನಲ್ಲೇ ಎಲ್ಲಕ್ಕಿಂತ ಕಷ್ಟದ್ದು ಎಂದರು.

ಇವರ ಬೆರಳು ಅಭ್ಯಾಸಬಲದಿಂದ ಮಣಿಕಟ್ಟಿಗೆ ಹೋಯಿತು. ನಾಡಿ ಎಣಿಸಿ ನೋಡಿದರು. ಆಮೇಲೆ ನಗತೊಡಗಿದರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಆ ನಗುವನ್ನು ನಾನು ಎಷ್ಟು ತಿಂಗಳಿಂದ ಕೇಳಿರಲಿಲ್ಲ!

"ಲೇ, ನಾನು ಸತ್ತಿಲ್ಲ ಕಣೇ!"

"ಬಿಡ್ತು ಅನ್ನಿ! ನಾಲಿಗೆಗೆ ಮೂಳೆ ಇಲ್ವಾ ನಿಮಗೆ?" ಎಂದು ಕೂಗಾಡಿದೆ. ಅಲ್ಲಿಯವರೆಗಿನ ಭಯವೆಲ್ಲ ಬೈಗುಳವಾಗಿ ಹೊರಬಂತು, ಬೈಯುತ್ತಲೇ ಅತ್ತೆ. ಆ ಹೆಂಗಸಿಗೆ ಏನು ಅರ್ಥವಾಯಿತೋ, ಎದ್ದು ಬಂದು ನನ್ನ ಬೆನ್ನು ಸವರಿದರು. ಬೆಟ್ಟದ ಇನ್ನೊಂದು ಬದಿಯಿಂದ ಸುತ್ತುಬಳಸಿನ ಮೆತ್ತನೆ ದಾರಿಯಲ್ಲಿ ಕಾರಿನವರೆಗೂ ನಮ್ಮ ಜೊತೆ ನಡೆದು ಬಂದರು. ಅವರ ಹೆಸರನ್ನೂ ನಾವು ಕೇಳಲಿಲ್ಲ. ತಣ್ಣಗಿರಲಿ ಆ ತಾಯಿ.

ಡಾಕ್ಟರು ವಿಷಯ ಕೇಳಿ ಇಬ್ಬರಿಗೂ ಚೆನ್ನಾಗಿ ಬೈದರು. ಮತ್ತೆ ಹಾಗೆ ಮಾಡಬೇಡಿ, ಸುಲಭದ ದಾರಿಯಿಂದ ಶುರುಮಾಡಿ ಎಂದರು. ಇವರು ಒಪ್ಪಿ, ಕಾಡಿನ ಒಂದು, ಎರಡನೇ ಕ್ಲಾಸಿನ ದಾರಿಗಳನ್ನೆಲ್ಲ ಒಂದೂ ಬಿಡದೆ ನಡೆದರು. ಬೆಂಚು ಬಂದರೆ ಈಗ ನಾನು ಕೂರಬೇಕೆನ್ನುತ್ತಿದ್ದೆ, ಇವರು ಬೇಡವೆನ್ನುತ್ತಿದ್ದರು. ವಸಂತದಲ್ಲಿ ಮರಳಿನಿಂದ ಪುಟ್ಟಪುಟ್ಟ ಹೂ ಎದ್ದವು. ಗಾಲಿಕುರ್ಚಿಯ ಮುದುಕರು, ತಳ್ಳುಗಾಡಿಯ ತಾಯಂದಿರು ಎದುರಾಗಿ ನಗುತ್ತಿದ್ದರು. ಯಾರಿಗೂ ಅಲ್ಲಿ ಅವಸರವಿರಲಿಲ್ಲ. ಎಲ್ಲರೂ ನಡೆಯಲಿ ಎಂದು ಅಂಥ ದಾರಿ ಮಾಡಿಟ್ಟವರ ಹೊಟ್ಟೆ ತಣ್ಣಗಿರಲಿ ಎಂದು ನಾನು ಮನಸ್ಸಿನಲ್ಲೇ ಹರಸುತ್ತಿದ್ದೆ. ಸಣ್ಣ ಅಕ್ಷರದಲ್ಲಿ ಬೋರ್ಡು ಬರೆದವನಿಗೂ ಒಂದು ಪಾಲು.

ಆ ವಸಂತ ಮುಗಿಯುವ ಮೊದಲು ಒಂದು ಭಾನುವಾರ ಎಚ್ಚರವಾದಾಗ ಬೆಳಕು ಹರಿದಿತ್ತು, ಪಕ್ಕದಲ್ಲಿ ಇವರಿರಲಿಲ್ಲ. ಬಚ್ಚಲಲ್ಲಿಲ್ಲ, ಹಿತ್ತಲಲ್ಲಿಲ್ಲ. ಮನೆಮುಂದೆ ಕಾರಿಲ್ಲ. ಒಳಗೆ ಓಡಿಬಂದು ಫೋನ್ ಮಾಡಿದೆ.

"ಏನೇ?" ಎಂದರು. ಹಿಂದೆ ಗಿಳಿಗಳ ಗಲಾಟೆ.

"ಎಲ್ಲಿದೀರಿ?"

"ಕಾಡಲ್ಲಿ. ನೀನು ಚೆನ್ನಾಗಿ ನಿದ್ದೆ ಮಾಡ್ತಿದ್ದೆ, ಎಬ್ಬಿಸ್ಲಿಲ್ಲ."

"ಒಬ್ರೇನಾ?"

ನಾನು ಕೇಳಿದ ಮೇಲೆಯೇ ಅದು ಇವರ ಗಮನಕ್ಕೆ ಬಂದಂತಿತ್ತು.

"ಹೂಂ ಕಣೇ" ಎಂದರು ಮೆಲ್ಲಗೆ. "ಒಬ್ನೇ."

ಬೈಯಲು ಬಾಯಿತುಂಬ ಮಾತಿತ್ತು. ಆದರೂ "ಆಯ್ತು, ಅವಸರ ಇಲ್ಲ, ನಿಧಾನಕ್ಕೆ ಬನ್ನಿ" ಎಂದು ಫೋನ್ ಇಟ್ಟು, ಅಡುಗೆಮನೆಯ ನೆಲದ ಮೇಲೆ ಕೂತು ಮನಸಾರೆ ಅತ್ತೆ.