ಮೊಳಕ್ಕೆ ಸಿಗದ ಗುಲಾಬಿ

ಹೂ ಮಾರುವವರ ಕೈ ಮೊಳ ಹಾಕುವ ಗಳಿಗೆಯಲ್ಲಿ ಗಿಡ್ಡವಾಗುತ್ತದೆಂಬುದನ್ನು ನೀವೂ ಗಮನಿಸಿರುತ್ತೀರಿ. ಕೂಡ್ಲಿಗಿಯ ಬಸ್ ನಿಲ್ದಾಣದ ಎದುರು ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಹುಸೇನ್ ಸಾಬರು ಆರಡಿ ಮೀರಿದ ಆಜಾನುಬಾಹು. ಮೇಲಿನ ತಂತಿಗೆ ನೇತುಹಾಕಿದ ಹಾರವನ್ನು ಕೂತಲ್ಲಿಂದಲೇ ಇಳಿಸಿಕೊಡಬಲ್ಲವರು. ಅಂಥವರು ಮಲ್ಲಿಗೆ ಮಾಲೆಯ ತುದಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಮೊಣಕೈಯತ್ತ ಎಳೆದರೆಂದರೆ, ಅದಾವ ಯೋಗಸಿದ್ಧಿಯೋ ಏನೋ, ಆ ದೀರ್ಘಬಾಹು ಕ್ಷಣಮಾತ್ರದಲ್ಲಿ ವಾಮನಾವತಾರ ತಾಳುತ್ತಿತ್ತು. "ಇದು ಮೊಳ ಏನ್ರಿ ಸಾಬ್ರ? ಗೇಣು!" ಎಂದು ನಾನು ತಕರಾರು ತೆಗೆದರೆ, "ಮಾಸ್ತರ, ಹೂವು ಅಳೆಯೋದು ಕೈಲಿಂದ ಅಲ್ರಿ, ಮನಸಿಲಿಂದ" ಎನ್ನುತ್ತ ಎರಡು ಬೆರಳಗಲ ಹೆಚ್ಚಿಗೆ ಬಿಟ್ಟು ಕತ್ತರಿಸುತ್ತಿದ್ದರು. ನಾನು ಗೆದ್ದೆನೆಂದುಕೊಂಡು ಬೀಗುತ್ತ ಮನೆಗೆ ಬರುತ್ತಿದ್ದೆ.

ನಮ್ಮ ಸೀಮೆಯಲ್ಲಿ ಹೂವೆಂದರೆ ಹೀಗೆ ಮೊಳಕ್ಕೆ ಸಿಗಬೇಕು. ದಾರಕ್ಕೆ ಒಗ್ಗಬೇಕು, ದೇವರ ಮೇಲೆ ನಿಲ್ಲಬೇಕು, ಹೆಣ್ಣುಮಕ್ಕಳ ತುರುಬಿನಲ್ಲಿ ಸಂಜೆಯ ತನಕ ಬಾಳಬೇಕು. ಹೆಸರಿನ ಮೊದಲಿಗೇ ಹೂವನ್ನು ಕಟ್ಟಿಕೊಂಡು ಮೆರೆಯುವ ಹೂವಿನ ಹಡಗಲಿ ಪಕ್ಕದಲ್ಲೇ ಇರುವಾಗ ಈ ವಿಷಯದಲ್ಲಿ ನಮ್ಮವರ ಅಭಿರುಚಿ ಕಟ್ಟುನಿಟ್ಟಾಗಿರುವುದು ಸಹಜವೇ. ಅಂಥ ಮಲ್ಲಿಗೆಯ ಸಾಮ್ರಾಜ್ಯಕ್ಕೆ ಒಂದು ಇಂಗ್ಲಿಷ್ ಗುಲಾಬಿಯನ್ನು ತಂದು ನಾನು ಪಟ್ಟ ಫಜೀತಿ ಸಣ್ಣದಲ್ಲ.

ತಂದದ್ದೇಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಅಕ್ಕ ಗೌರಕ್ಕ ಹಡಗಲಿಯ ಮಲ್ಲಿಗೆ ತೋಟದವರ ಮನೆಗೆ ಸೊಸೆಯಾಗಿ ಹೋದವಳು. ಮಕ್ಕಳಿರಲಿಲ್ಲ. ಭಾವ ತೀರಿಕೊಂಡ ಮೇಲೆ ಕೂಡ್ಲಿಗಿಗೆ ಬಂದು ನಮ್ಮ ಜೊತೆಗೇ ಇದ್ದಳು. ಹಾಗೆಂದು ಹಡಗಲಿಯವರೇನೂ ಅವಳನ್ನು ಬಿಟ್ಟುಕೊಟ್ಟಿರಲಿಲ್ಲ. ಮಲ್ಲಿಗೆಯ ಕಾಲ ಬಂತೆಂದರೆ ಅವಳ ಮೈದುನ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಗ್ಗಿನ ಗಂಟನ್ನು ಬೆಳಗಿನ ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಅಕ್ಕ ಹೊಸ್ತಿಲಲ್ಲಿ ಕೂತು, ಕಾಲಿನ ಹೆಬ್ಬೆರಳಿಗೆ ಬಾಳೆಯ ನಾರು ಸಿಕ್ಕಿಸಿಕೊಂಡು, ನೋಡದೆಯೇ ಕಟ್ಟಿ ಓಣಿಯ ಹೆಂಗಸರಿಗೆಲ್ಲ ಹಂಚುತ್ತಿದ್ದಳು. ತನ್ನ ತುರುಬಿಗೆ ಮಾತ್ರ ಒಂದು ಎಸಳನ್ನೂ ಇಡುತ್ತಿರಲಿಲ್ಲ. ಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಭಾವ ಹೋದ ದಿನ ಅವಳು ಬಿಟ್ಟಳು, ಆಮೇಲೆ ಮುಡಿ ಎಂದೂ ಯಾರೂ ಹೇಳಲಿಲ್ಲ. ಚಿಕ್ಕಂದಿನಲ್ಲಿ ನನ್ನ ಕೈಯಿಂದ ಪಕ್ಕದ ಮನೆಯ ಕನಕಾಂಬರ ಕದಿಸಿ ಮುಡಿಯುತ್ತಿದ್ದ ಅಕ್ಕ ಅವಳು. ಬೋಳು ತುರುಬಿನ ಅವಳು ಬುಟ್ಟಿಗಟ್ಟಲೆ ಮಲ್ಲಿಗೆಯ ನಡುವೆ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಒಮ್ಮೆ ಧೈರ್ಯ ಮಾಡಿ, "ಅಕ್ಕಾ, ನೀನೂ ಒಂದು ತುಣುಕು ಮುಡ್ಕೋಬಾರದೇನು?" ಎಂದೆ. "ಸುಮ್ನಿರಲೇ ತಮ್ಮಾ, ಎಲ್ಲಾ ಗೊತ್ತಿದ್ದವರಂಗ ಮಾತಾಡಬ್ಯಾಡ" ಎಂದು ಗದರಿದಳು. ಅಂದಿನಿಂದ ನಾನು ಬಾಯಿ ಮುಚ್ಚಿಕೊಂಡೆ, ಆದರೆ ಆ ತಲೆಯಲ್ಲಿ ಒಂದು ಹೂ ನೋಡಬೇಕೆಂಬ ಆಸೆ ಮಾತ್ರ ಮುಚ್ಚಿಕೊಳ್ಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಆಗ ನಾನು ಪದವಿಪೂರ್ವ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಕರಿಹಲಗೆಯ ಮೇಲೆ ನಾನು ಬಿಡಿಸುವ ದಾಸವಾಳದ ಚಿತ್ರಕ್ಕೆ ತಾಲ್ಲೂಕಿನಲ್ಲೇ ಹೆಸರಿತ್ತು. ಅಂಗಳದಲ್ಲಿ ನೆಟ್ಟ ದಾಸವಾಳ ಎರಡು ಸಲ ನನ್ನ ಕೈಯಲ್ಲೇ ಒಣಗಿ ಪರಂಧಾಮ ಸೇರಿತ್ತು. ವಿದ್ಯಾರ್ಥಿಗಳನ್ನು ಊಟಿಗೆ ಪ್ರವಾಸ ಕರೆದೊಯ್ದಾಗ ಅಲ್ಲಿಯ ಒಂದು ನರ್ಸರಿಯಲ್ಲಿ ಈ ಗುಲಾಬಿಯನ್ನು ಕಂಡೆ. ಕಂಡೊಡನೆ ಅಕ್ಕನ ನೆನಪಾಯಿತು. ಮಲ್ಲಿಗೆಯನ್ನು ಒಲ್ಲೆನೆಂದವಳು ಈ ಪರದೇಶಿಗಾದರೂ ಒಲಿದಾಳೆಂಬ ದೂರದ ಆಸೆಯಿಂದ ಕೊಂಡುಬಿಟ್ಟೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನ್ನನ್ನು ಕಂಡು ಹುಡುಗಿಯರು, "ಸರ್, ಕೂಸು ಅತ್ತೀತು, ಹುಷಾರು" ಎಂದು ನಕ್ಕರು. ಗಿಡಕ್ಕೆ ಕಟ್ಟಿದ್ದ ಹೆಸರಿನ ಚೀಟಿ ದಾರಿಯಲ್ಲೆಲ್ಲೋ ಬಿದ್ದುಹೋಗಿ, ಯಾವ ದೊರೆಯ ಹೆಸರೋ ದೊರೆಸಾನಿಯ ಹೆಸರೋ ಇದ್ದ ಆ ಕುಲೀನ ಗುಲಾಬಿ ಅನಾಮಧೇಯವಾಗಿ ಕೂಡ್ಲಿಗಿಯಲ್ಲಿ ಇಳಿಯಿತು.

ಅದರ ಗುಣಲಕ್ಷಣಗಳನ್ನು ವಿವರಿಸದೆ ಮುಂದೆ ಹೋದರೆ ನಾನು ತಿಂದ ಸಂಬಳಕ್ಕೆ ಅಪಚಾರ. ನಮ್ಮ ಕಡೆಯ ಗುಲಾಬಿಗಳು ಪೊಲೀಸರಂತೆ ಸೆಟೆದು ನಿಂತು, ಉದ್ದ ಕಡ್ಡಿಯ ತುದಿಗೊಂದು ಹೂ ಹೊತ್ತು, ಮುಟ್ಟಿದರೆ ಮುಳ್ಳಿನಿಂದ ಮಾತಾಡಿಸುತ್ತವೆ. ಇದು ಪೊದೆಯ ಜಾತಿ. ಸುತ್ತಲೂ ದುಂಡಗೆ ತುಂಬಿಕೊಂಡು, ಕಡ್ಡಿಗಳನ್ನು ಹೊರಕ್ಕೆ ಬಾಗಿಸಿ ನಿಲ್ಲುತ್ತದೆ. ಮುಳ್ಳು ಕಡಿಮೆ. ಎಳೆಯ ಎಲೆಗೆ ತಾಮ್ರದ ಬಣ್ಣ. ಮೊಗ್ಗು ಮಾತ್ರ ಕೆಂಪು ಮಿಶ್ರಿತವಾಗಿ, ಮಾಗಿದ ಬೋರೆಹಣ್ಣಿನಂತೆ ಗುಂಡಗಿರುತ್ತದೆ. ಅದು ಬಿರಿದಾಗ ಬಟ್ಟಲಿನಂಥ ಹೂ. ಬಟ್ಟಲೊಳಗೆ ಎಸಳಿನ ಮೇಲೆ ಎಸಳು, ಸಂತೆಯ ದಿನದ ಕೊಟ್ಟೂರು ಬಸ್ಸಿನಂತೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಇಕ್ಕಟ್ಟು. ಅಂಚಿನ ಎಸಳು ನಸುಬಿಳುಪು, ನಡುವಿಗೆ ಹೋದಂತೆ ಗಾಢ. ಈ ಬಣ್ಣಕ್ಕೆ ಕನ್ನಡದಲ್ಲಿ ಏನನ್ನಬೇಕೆಂಬುದೇ ಒಂದು ದೊಡ್ಡ ಜಿಜ್ಞಾಸೆಯಾಯಿತು. ಹುಸೇನ್ ಸಾಬರು, ಹೈದರಾಬಾದಿನ ಮದುವೆಯೊಂದರಲ್ಲಿ ತಿಂದ ಏಪ್ರಿಕಾಟ್ ಸಿಹಿಯನ್ನು ನೆನೆದು, "ಜರ್ದಾಳು ಹಣ್ಣಿನ ಬಣ್ಣ ಐತ್ರಿ" ಎಂದರು. ನನ್ನ ಹೆಂಡತಿ ಸುಮಂಗಲ, ತುಪ್ಪ ಕಡಿಮೆಯಾದ ಕೇಸರಿಬಾತು ಎಂದಳು. ಅಕ್ಕ ಬಹಳ ಹೊತ್ತು ನೋಡಿ, "ಒಲ್ಯಾಗ ಕೆಂಡ ಆರೋ ಮುಂದ ಹಿಂಗ ಇರ್ತೈತಿ" ಎಂದು ಒಳಗೆ ಹೋದಳು.

ಹೂ ಬಿಡಲು ಅದು ಒಂದು ವರ್ಷ ಸತಾಯಿಸಿತ್ತು. ಬೇಸಿಗೆಯಲ್ಲಿ ಎಲೆ ಸುಟ್ಟುಕೊಂಡು ಮುನಿಯಿತು. ಮಳೆಗಾಲದಲ್ಲಿ ನಾನು ಪುಸ್ತಕದ ಪ್ರಕಾರ ಕತ್ತರಿ ಹಾಕಿದೆ; ಗಿಡ ಹೋಗಿ ನಾಲ್ಕು ಮೋಟುಗಳು ಉಳಿದವು. "ಪುಸ್ತಕ ಓದಿ ಕೊಂದ್ರಿ ನೋಡ್ರಿ" ಎಂದು ಸುಮಂಗಲ ತೀರ್ಪು ಕೊಟ್ಟಳು. ಅಕ್ಕ ಮಾತ್ರ ಏನೂ ಅನ್ನದೆ ದಿನವೂ ಅಕ್ಕಿ ತೊಳೆದ ನೀರನ್ನೂ ಸೋಸಿ ಉಳಿದ ಚಹಾಪುಡಿಯನ್ನೂ ಅದರ ಬುಡಕ್ಕೆ ಹಾಕತೊಡಗಿದಳು. ಚಳಿ ಬೀಳುವ ಹೊತ್ತಿಗೆ ಅದು ಮೈತುಂಬಿಕೊಂಡು ಹೂಬಿಟ್ಟಿತು. ಅದರ ಪರಿಮಳದಲ್ಲಿ ಚಹಾದ ಎಲೆಯ ವಾಸನೆ ಸ್ಪಷ್ಟವಾಗಿತ್ತು. ಚೀನಾದ ಪೂರ್ವಜರಿಂದ ಕೆಲವು ಗುಲಾಬಿಗಳಿಗೆ ಈ ಗಂಧ ಪಿತ್ರಾರ್ಜಿತವಾಗಿ ಬಂದಿದೆಯೆಂದು ನಾನು ಅಂಗಳದಲ್ಲಿ ನಿಂತು ಪ್ರವಚನವನ್ನೇ ಕೊಟ್ಟೆ. ಸುಮಂಗಲ ಒಂದೇ ಮಾತಿನಲ್ಲಿ ನನ್ನ ವಿದ್ವತ್ತನ್ನು ಗುಡಿಸಿಹಾಕಿದಳು: "ಅಕ್ಕಾರು ದಿನಾ ಚಾಪುಡಿ ಹಾಕಿದ್ರ ಚಾ ವಾಸ್ನಿ ಬರದ ಇನ್ನೇನು ಬಂದೀತ್ರಿ?" ಓಣಿಯೆಲ್ಲ ಅವಳ ಪಕ್ಷ. ಎದುರುಮನೆಯವರು ತಮ್ಮ ಸೇವಂತಿಗೆಗೆ ಏಲಕ್ಕಿ ಸಿಪ್ಪೆ ಹಾಕಲು ಶುರುಮಾಡಿದರೆಂದೂ ಕೇಳಿದೆ.

ಆಮೇಲೆ ಶುರುವಾಯಿತು ವಿಚಾರಣೆ. ಹುಸೇನ್ ಸಾಬರಿಗೆ ಎರಡು ಹೂ ಒಯ್ದು ತೋರಿಸಿದೆ. ದಾರಕ್ಕೆ ಕಟ್ಟಲು ನೋಡಿದರು. ಭಾರಕ್ಕೆ ಹೂ ತಲೆಕೆಳಗಾಯಿತು. ಇನ್ನೊಂದನ್ನು ಪೋಣಿಸಲು ಹೋದರು. ಎಸಳುಗಳೆಲ್ಲ ಅವರ ಮಡಿಲಿಗೆ ಬಂದವು. "ಮಾಸ್ತರ, ಬೇಜಾರು ಮಾಡ್ಕೋಬ್ಯಾಡ್ರಿ, ಇದು ಹೂವು ಅಲ್ರಿ" ಎಂದರು. ಗುಡಿಯಲ್ಲಿ ಇನ್ನೂ ಕಷ್ಟವಾಯಿತು. ಪೂಜೆಯ ಸ್ವಾಮಿಗಳು ಲಿಂಗದ ಮೇಲೆ ಅದನ್ನಿಟ್ಟು ಮಂಗಳಾರತಿ ಎತ್ತಿದರು. ಆರತಿ ಮುಗಿಯುವ ಮುನ್ನ ಹೂ ತನ್ನ ಸಂಸಾರವನ್ನೆಲ್ಲ ಪಾಣಿಪೀಠದ ಮೇಲೆ ಚೆಲ್ಲಿ ಬರಿ ತೊಟ್ಟಾಗಿ ನಿಂತಿತು. "ದೇವರ ಮ್ಯಾಲ ನಿಲ್ಲದ್ದು ಹೂವು ಹೆಂಗ ಆಕ್ಕೈತ್ರಿ?" ಎಂದರು ಅವರು. ಸುಮಂಗಲಳಂತೂ ಪತಿಭಕ್ತಿಯಿಂದ ಒಂದನ್ನು ಮುಡಿದು ಅರಿಶಿನ-ಕುಂಕುಮಕ್ಕೆ ಹೋದಳು. ಪೂರ್ತಿ ಅರಳಿದ್ದನ್ನು ಹಿಂದುಮುಂದು ನೋಡದೆ ಕಿತ್ತುಕೊಟ್ಟವನು ನಾನೇ. ಅದು ಜಾರಿ, ಒಂದೊಂದೇ ಎಸಳಾಗಿ, ಪಕ್ಕದಲ್ಲಿ ಕೂತವರ ಉಪ್ಪಿಟ್ಟಿನ ತಟ್ಟೆ ಸೇರಿತು. ಮನೆಗೆ ಬಂದವಳೇ, "ಇದೊಂದು ಹೂವಂತ! ನಿಮ್ಮ ಕಾಲೇಜಿನ್ಯಾಗ ಇಟ್ಕೊಳ್ರಿ" ಎಂದಳು. ಹೀಗೆ ದಾರ, ದೇವರು, ತುರುಬು ಮೂರೂ ನ್ಯಾಯಾಲಯಗಳಲ್ಲಿ ನನ್ನ ಗುಲಾಬಿ ಸೋತು, ಅದು ಹೂವೇ ಅಲ್ಲವೆಂದು ಊರಿನಲ್ಲಿ ಇತ್ಯರ್ಥವಾಯಿತು. ನಾನು ಮಾನಭಂಗವಾದ ವಕೀಲನಂತೆ ತಿರುಗಾಡಿದೆ.

ಅದರ ತಲೆ ಬಾಗಿಸುವ ಗುಣ ನನಗೂ ಒಂದು ಪಾಠ ಕಲಿಸಿತೆನ್ನಿ. ತುಂಬಿಕೊಂಡ ಹೂವಿನ ಭಾರಕ್ಕೆ ಕಡ್ಡಿ ಬಗ್ಗಿ ಅದರ ಮುಖ ನೆಲದತ್ತ ತಿರುಗಿರುತ್ತದೆ. ನಿಂತು ನೋಡುವವನಿಗೆ ಕಾಣುವುದು ಬೆನ್ನು ಮಾತ್ರ. ಅಕ್ಕ ಹೊಸ್ತಿಲಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳಲ್ಲ, ಇಡೀ ಊರಿನಲ್ಲಿ ಅದನ್ನು ಮುಖಾಮುಖಿ ಕಂಡವಳು ಅವಳೊಬ್ಬಳೇ. ಕೈ ಮಲ್ಲಿಗೆಯ ಕೆಲಸದಲ್ಲಿದ್ದರೂ ಕಣ್ಣು ಅದರ ಮೇಲಿರುತ್ತಿತ್ತು. ಒಂದು ದಿನ ಅವಳ ಪಕ್ಕದಲ್ಲಿ ನಾನೂ ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಎಂಥ ಚೆಲುವು ಮಾರಾಯರೇ! ಅಕ್ಕ ಅದನ್ನು ಬೆರಳಿನಿಂದ ಗಲ್ಲ ಹಿಡಿದಂತೆ ಎತ್ತಿ ನೋಡುತ್ತಿದ್ದಳೇ ಹೊರತು ಕೀಳುತ್ತಿರಲಿಲ್ಲ. ಮುಡಿಯೆಂದು ಹೇಳಲು ನನಗೆ ನಾಲಿಗೆ ಬರಲಿಲ್ಲ.

ಶಿವರಾತ್ರಿ ಹತ್ತಿರವಿದ್ದಾಗ ಹಡಗಲಿಯಿಂದ ಕರೆ ಬಂತು. ಅಕ್ಕನ ಮೈದುನನ ಮಗಳಿಗೆ ಕುಬುಸ. ಬಸುರಿಗೆ ಮೊಗ್ಗಿನ ಜಡೆ ಹೆಣೆಯಲು ಗೌರಕ್ಕನಂಥ ಕೈ ಬೇರೆ ಇಲ್ಲ. ಅಕ್ಕ ಇಂಥ ಕರೆಗೆ ಯಾವತ್ತೂ ಇಲ್ಲವೆಂದವಳಲ್ಲ. ಹೋಗುತ್ತಾಳೆ, ಒಳಕೋಣೆಯಲ್ಲಿ ಕೂತು ಜಡೆ ಹೆಣೆಯುತ್ತಾಳೆ, ಆರತಿಯ ಹೊತ್ತಿಗೆ ತಾನಾಗಿಯೇ ಹಿಂದೆ ಸರಿದು ಅಡುಗೆಮನೆ ಸೇರುತ್ತಾಳೆ. ಬೆಳಗಿನ ಬಸ್ಸಿಗೆ ಬಿಡಲು ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಹೊರಗೆ ಬಂದವಳು ಗಿಡದ ಹತ್ತಿರ ನಿಂತಳು. ಅರೆಬಿರಿದ ಒಂದು ಮೊಗ್ಗನ್ನು ಆರಿಸಿ, ಎರಡು ಎಲೆಯ ಸಮೇತ ಉಗುರಿನಿಂದ ಚಿವುಟಿ, ಸೆರಗಿನಲ್ಲಿ ಒರೆಸಿ, ತುರುಬಿಗೆ ಸಿಕ್ಕಿಸಿ ಪಿನ್ನು ಹಾಕಿಕೊಂಡಳು. ಎಲ್ಲ ಎಷ್ಟು ನಿರಾಯಾಸವಾಗಿ ನಡೆಯಿತೆಂದರೆ, ನಾನು ಚೀಲವನ್ನು ಕೆಳಗೆ ಬಿಟ್ಟದ್ದೇ ನನಗೆ ಗೊತ್ತಾಗಲಿಲ್ಲ. ಬಾಗಿಲಿಗೆ ಬಂದ ಸುಮಂಗಲ, "ಅಕ್ಕಾರ!" ಎಂದು ಕೂಗಿದಳು.

"ಯಾಕ? ಏನಾತು?" ಎಂದಳು ಅಕ್ಕ. "ಸಾಬ್ರು ಹೂವಲ್ಲ ಅಂದ್ರು. ಸ್ವಾಮೇರು ಹೂವಲ್ಲ ಅಂದ್ರು. ನೀನೂ ಅಂದಿ. ಹೂವು ಮುಡೀಬಾರದು ಅಂತ ಐತಿ ಹೌದಿಲ್ಲ, ಹೂವಲ್ಲದ್ದು ಮುಡಿದ್ರ ಯಾರಪ್ಪಂದೇನು ಗಂಟು ಹೋಕ್ಕೈತಿ?"

ಸುಮಂಗಲ ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಹತ್ತಿರ ಹೋಗಿ ಪಿನ್ನನ್ನು ಬಿಗಿಮಾಡಿದಳು. ನಾನು ಚೀಲವನ್ನು ಮತ್ತೆ ಎತ್ತಿಕೊಂಡೆ. ಊರ ತುಂಬ ಸೋತು ಬಂದಿದ್ದ ನನ್ನ ಗುಲಾಬಿ ಆ ಸೋಲಿನ ಬಲದಿಂದಲೇ ಗೆದ್ದುಬಿಟ್ಟಿತ್ತು! ಆದರೆ ಬಸ್ಸು ಹೊರಟ ಮೇಲೆ ಹೊಸ ಚಿಂತೆಯೊಂದು ಹತ್ತಿಕೊಂಡಿತು. ಕೂಡ್ಲಿಗಿಯ ನಮ್ಮ ಅಂಗಳ ಬೇರೆ, ಹಡಗಲಿಯ ಅತ್ತೆಮನೆ ಬೇರೆ. ಅಕ್ಕನ ಅತ್ತೆ ಎಂಬತ್ತರ ಮುದುಕಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಮಕ್ಕಳನ್ನೂ ತೋಟವನ್ನೂ ಒಬ್ಬಳೇ ಸಂಭಾಳಿಸಿದ ಗಟ್ಟಿಗಿತ್ತಿ. ಅವಳ ಬಾಯಿಗೆ ಹೆದರದ ಜನ ಆ ಬಂಧುಬಳಗದಲ್ಲಿ ಇರಲಿಲ್ಲ. ಕುಬುಸಕ್ಕೆ ನೆರೆದ ಹೆಂಗಸರ ನಡುವೆ ಅವಳು ಒಂದು ಮಾತು ಅಂದರೂ ಸಾಕು, ಅಕ್ಕ ಇನ್ನೆಂದೂ ತಲೆಯ ಮೇಲೆ ಎಲೆಯನ್ನೂ ಇಡಲಾರಳು. ಅಂದು ತರಗತಿಯಲ್ಲಿ ಬೇರಿನ ಪಾಠ ಮಾಡುತ್ತ ಹೂವಿನ ಚಿತ್ರ ಬರೆದೆನೆಂದು ಹುಡುಗರು ಹೇಳಿದರು.

ಮರುದಿನ ಸಂಜೆಯ ಬಸ್ಸಿಗೆ ಅಕ್ಕ ಇಳಿದಳು. ನನ್ನ ಕಣ್ಣು ಮೊದಲು ಹೋದದ್ದು ತುರುಬಿಗೆ. ಪಿನ್ನು ಇತ್ತು, ಹೂ ಇರಲಿಲ್ಲ. "ಏನಾತಕ್ಕಾ? ಯಾರರೇ ಏನರೇ ಅಂದ್ರೇನು?" ಎಂದೆ. ಅಕ್ಕ ಮನೆಗೆ ಬಂದು ಕಾಲು ತೊಳೆದು, ನೀರು ಕುಡಿದು, ನಮ್ಮಿಬ್ಬರನ್ನೂ ಚೆನ್ನಾಗಿ ಕಾಯಿಸಿ ಮಾತು ತೆಗೆದಳು.

ಹಗರಿಬೊಮ್ಮನಹಳ್ಳಿ ದಾಟುವ ಹೊತ್ತಿಗೆ ಮೊಗ್ಗು ಪೂರಾ ಅರಳಿತ್ತಂತೆ. ಹಡಗಲಿಯ ಮನೆಯ ಪಡಸಾಲೆಗೆ ಕಾಲಿಡುತ್ತಲೇ ಹೆಂಗಸರೆಲ್ಲ ಅವಳ ತುರುಬಿನತ್ತ ತಿರುಗಿದರಂತೆ. ಮುದುಕಿ ಕೈಸನ್ನೆಯಿಂದ ಹತ್ತಿರ ಕರೆದು, ಎದುರಿಗೆ ಕೂರಿಸಿಕೊಂಡು, "ಇದ್ಯಾತರ ಹೂವಬೇ ಗೌರಿ?" ಎಂದು ಕೇಳಿದಳಂತೆ.

"ನಾನೂ ಅಂಜಿದ್ದೆ ಬಿಡು" ಎಂದಳು ಅಕ್ಕ. "ಆದ್ರೂ ಅಂದೆ: ಅತ್ತಿ, ಇದು ಹೂವಲ್ಲಂತ್ರಿ, ನಮ್ಮೂರಾಗ ಎಲ್ಲಾರೂ ಹಂಗ ಅಂದಾರ. ಮುದುಕಿ ನನ್ನ ತಲಿ ಬಗ್ಗಿಸಿ ಮೂಸಿ ನೋಡಿದಳು. ಕೈಯಾಡಿಸಿದಳು. ಎಸಳೆಲ್ಲಾ ಆಕಿ ಕೈಯಾಗ ಉದುರಿದ್ವು. ಅದನ್ನೆಲ್ಲಾ ಮಡಿಲಾಗ ಹಾಕ್ಕೊಂಡಳು. ಆಮ್ಯಾಲ, ಆರತಿ ಮುಂದ ನಾ ಎದ್ದು ಅಡಗಿಮನಿಗೆ ಹೊಂಟ್ರ ಕೈ ಹಿಡಿದು ಬಾಜೂಕ ಕೂಡಿಸ್ಕೊಂಡಳು, ಬಿಡಲಿಲ್ಲ."

"ಬೈಲಿಲ್ಲೇನ್ರಿ ಅಕ್ಕಾರ?" ಎಂದಳು ಸುಮಂಗಲ.

"ಬೈದಳು, ಬೈದಳು. ಬರೋ ಮುಂದ ಬಾಗಿಲತನಕ ಬಂದು ಬೈದಳು. ‘ಎಷ್ಟು ವರ್ಷಾತಬೇ ನಾನೂ ಮುಡಿದು? ಹೂವಲ್ಲದ್ದು ಐತಿ ಅಂತ ಗೊತ್ತಿದ್ರ, ನನಗೊಂದು ತರಬೇಕು ಅನ್ನೋ ಖಬರು ಇಲ್ಲೇನು ನಿನಗ?’ ಅಂದಳು."

ಸಂಜೆಯ ಬೆಳಕು ಇನ್ನೂ ಇತ್ತು. ಎದ್ದು ಹೋಗಿ ಗಿಡದ ಬುಡದಲ್ಲಿ ಮಂಡಿಯೂರಿ, ಬಾಗಿದ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಮೊಗ್ಗು ಹುಡುಕತೊಡಗಿದೆ. ಎಲೆಗಳು ಮಂಜುಮಂಜಾಗಿ ಕಾಣುತ್ತಿದ್ದವು, ಅದಕ್ಕೆ ಕಾರಣ ಬೆಳಕಲ್ಲ. ಹಿಂದಿನಿಂದ ಅಕ್ಕ ಕೂಗಿ ಹೇಳಿದಳು:

"ಲೇ ತಮ್ಮಾ, ಮುದುಕಿದು ತುರುಬು ಸಣ್ಣದೈತಿ. ಸಣ್ಣದೊಂದು ನೋಡಿ ಕೊಡು."